ಹಿನ್ನೀರಿಗೊಂದು, ಕೆರೆಗೊಂದು: ಗಾಳದ ದಾರ, ರೀಲ್, ರಾಡ್‌ಗಳ ಹೋಲಿಕೆ

ಗಾಳದ ಸಲಕರಣೆ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ರಾಡ್ ಆರಿಸುತ್ತಾರೆ, ಆಮೇಲೆ ಅದಕ್ಕೊಪ್ಪುವ ರೀಲ್, ಕಡೆಗೆ ಮಿಕ್ಕ ಹಣಕ್ಕೆ ಸಿಕ್ಕ ದಾರ. ನಾನೂ ಹಾಗೆಯೇ ಕೊಂಡಿದ್ದೆ. ಅನುಮತಿ ಪಡೆದು ಎರಡು ವರ್ಷ ಹೇಮಾವತಿಯ ಹಿನ್ನೀರಿನಲ್ಲಿಯೂ ನಮ್ಮೂರಿನ ಕೆರೆಯಲ್ಲಿಯೂ ಎರಡು ಜೊತೆ ಸಲಕರಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ಬಳಸಿದ ಮೇಲೆ, ಈ ಕ್ರಮವನ್ನು ತಿರುಗಿಸಿ ದಾರದಿಂದಲೇ ಆರಂಭಿಸಬೇಕೆಂಬುದು ನನಗೆ ಖಚಿತವಾಗಿದೆ. ಮೀನಿಗೂ ನಮಗೂ ನಡುವೆ ನೀರಿನಡಿಯ ಕಲ್ಲು, ಬೇರು, ಜೊಂಡುಗಳನ್ನು ಉಜ್ಜಿಕೊಂಡು ಬರುವುದು ದಾರವೊಂದೇ.

ಮೊದಲ ಜೊತೆಯಲ್ಲಿ 7 ಅಡಿಯ, ತುದಿ ಮಾತ್ರ ಬಾಗುವ ಕಾರ್ಬನ್ ರಾಡ್‌ಗೆ 30 ಪೌಂಡಿನ ಹೆಣೆದ ದಾರ (ಬ್ರೇಡ್) ಸುತ್ತಿದ್ದೆ. ಎರಡನೆಯದರಲ್ಲಿ 9 ಅಡಿಯ, ಅರ್ಧಕ್ಕಿಂತ ಕೆಳಗಿನವರೆಗೂ ಬಾಗುವ ಫೈಬರ್ ಗ್ಲಾಸ್ ರಾಡ್‌ಗೆ 0.35 ಮಿ.ಮೀ. ದಪ್ಪದ ಸಾದಾ ನೈಲಾನ್ ದಾರ. ಕಾಗದದ ಮೇಲೆ ಮೊದಲನೆಯದೇ ಮೇಲು. ಸುಮಾರು 0.28 ಮಿ.ಮೀ. ದಪ್ಪದಲ್ಲೇ ಹೆಣೆದ ದಾರ 30 ಪೌಂಡ್ ಎಳೆತವನ್ನು ತಾಳುತ್ತದೆ, ಅಷ್ಟೇ ದಪ್ಪದ ನೈಲಾನ್ ಅದರ ಅರ್ಧವನ್ನೂ ತಾಳದು. ತೆಳುವಾದ್ದರಿಂದ ದೂರಕ್ಕೂ ಹೋಗುತ್ತದೆ.

ಆದರೆ ಹಿನ್ನೀರಿನಲ್ಲಿ ಲೆಕ್ಕ ಬೇರೆಯಾಯಿತು. ಬೇಸಿಗೆಯಲ್ಲಿ ನೀರು ಇಳಿದು ಶೆಟ್ಟಿಹಳ್ಳಿಯ ಹಳೆಯ ಚರ್ಚು ಬುಡಸಮೇತ ಕಾಣುವುದನ್ನು ನೋಡಿದವರಿಗೆ, ಉಳಿದ ಕಾಲದಲ್ಲಿ ಆ ನೀರಿನಡಿ ಏನೇನಿರಬಹುದೆಂಬ ಅಂದಾಜು ಇರುತ್ತದೆ. ಬಿಗಿಯಾಗಿ ಎಳೆದು ನಿಂತ ಹೆಣೆದ ದಾರ ಕಲ್ಲಿನ ಅಂಚಿಗೆ ತಾಗಿದರೆ ಅದರ ನವಿರಾದ ಎಳೆಗಳು ಒಂದೊಂದಾಗಿ ಕತ್ತರಿಸಿಹೋಗುತ್ತವೆ. ನೈಲಾನ್ ಗೀಚಿಸಿಕೊಂಡರೂ ಸ್ವಲ್ಪ ಹೊತ್ತು ತಡೆಯುತ್ತದೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಹಿಗ್ಗುವ ಗುಣದ್ದು. ಕಡಲೆಕಾಯಿ ಹಿಂಡಿಗೆ ರಾಗಿಹಿಟ್ಟು ಕಲಸಿ ಕಟ್ಟಿದ ಉಂಡೆಗೆ ಒಂದು ಸಂಜೆ ಒಳ್ಳೆಯ ಕಾಟ್ಲಾ ಬಿದ್ದಿತು. ದಡದಿಂದ ನಾಲ್ಕು ಮಾರು ದೂರಕ್ಕೆ ಬಂದು, ನನ್ನನ್ನು ಕಂಡದ್ದೇ ತಲೆ ಕೊಡವಿ ತಿರುಗಿತು. ಹಿಗ್ಗದ ದಾರ, ಬಾಗದ ರಾಡ್. ಆ ಒಂದು ಜಗ್ಗುವಿಕೆಯ ಭಾರವೆಲ್ಲ ಗಾಳ ಚುಚ್ಚಿದ್ದ ಮೃದುವಾದ ತುಟಿಯ ಮೇಲೆಯೇ ಬಿದ್ದು, ಗಾಳ ಕಿತ್ತು ನನ್ನ ಕಾಲ ಬಳಿಗೆ ಹಾರಿ ಬಂತು. ಅದೇ ತಿಂಗಳಲ್ಲಿ ನೈಲಾನ್ ಜೊತೆಯಲ್ಲಿ ಹಿಡಿದ ಮೂರು ಮೀನುಗಳೂ ಅದೇ ರೀತಿ ತಿರುಗಿ ಓಡಿದವು, ಒಂದೂ ತಪ್ಪಲಿಲ್ಲ. ದಾರ ರಬ್ಬರಿನಂತೆ ಹಿಗ್ಗಿ, ರಾಡ್ ಬಿಲ್ಲಿನಂತೆ ಬಾಗಿ ಆ ಜಗ್ಗುವಿಕೆಯನ್ನು ನುಂಗಿಕೊಂಡಿತ್ತು.

ಕೆರೆಯಲ್ಲಿ ತೀರ್ಪು ತಲೆಕೆಳಗು. ಅಲ್ಲಿ ನನಗೆ ಬೇಕಾದದ್ದು ಕೊರವ ಮೀನು. ತಾವರೆ ಎಲೆ, ಅಂತರಗಂಗೆಗಳ ನಡುವೆ ಗಾಳ ಕಟ್ಟಿದ ನಕಲಿ ಮೇವಾದ ರಬ್ಬರ್ ಕಪ್ಪೆಯನ್ನು ಕುಪ್ಪಳಿಸುತ್ತ ಎಳೆದಾಗ ಅದು ಎಲೆಯನ್ನು ಸೀಳಿಕೊಂಡು ಮೇಲೆ ಬಂದು ಹೊಡೆಯುತ್ತದೆ. ಮರುಕ್ಷಣವೇ ತಾವರೆಯ ಬುಡಕ್ಕೆ ನುಗ್ಗುತ್ತದೆ. ನೈಲಾನ್ ಹಿಗ್ಗುವಷ್ಟರಲ್ಲಿ ಮೀನು ದಂಟುಗಳಿಗೆ ದಾರ ಸುತ್ತಿಬಿಟ್ಟಿರುತ್ತದೆ, ಎಲುಬಿನಂಥ ಗಟ್ಟಿ ಬಾಯಿಗೆ ಗಾಳವೂ ನಾಟಿರುವುದಿಲ್ಲ. ಹೆಣೆದ ದಾರ ನೀರಿನ ಮೇಲೆ ತೇಲುತ್ತದೆ, ಎಳೆದೊಡನೆ ಗಾಳವನ್ನು ನಾಟಿಸುತ್ತದೆ, ಒದ್ದೆ ದಂಟುಗಳನ್ನು ಕೊಯ್ದುಕೊಂಡೇ ಬರುತ್ತದೆ. ಇಲ್ಲಿ ನನಗೆ ಬೇರೆ ಆಯ್ಕೆಯೇ ಇಲ್ಲ.

ಮೂರನೆಯ ಬಗೆಯ ದಾರವಾದ ಫ್ಲೂರೋಕಾರ್ಬನ್ ನೀರಿನಲ್ಲಿ ಕಡಿಮೆ ಕಾಣುತ್ತದೆ, ಬೇಗ ಮುಳುಗುತ್ತದೆ, ದುಬಾರಿ. ನಮ್ಮ ಕಂದು ನೀರಿಗೆ ರೀಲ್ ತುಂಬ ಅದನ್ನೇ ಸುತ್ತುವುದು ವ್ಯರ್ಥ.

ಯಾವ ದಾರವಾದರೂ ಪ್ರತಿ ಮೀನಿನ ನಂತರ ಕೊನೆಯ ಒಂದು ಮಾರನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಉಗುರುಗಳ ನಡುವೆ ಎಳೆದು ನೋಡುತ್ತೇನೆ. ಉಗುರಿಗೆ ಚೂರು ಒರಟು ಸಿಕ್ಕರೂ ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕುತ್ತೇನೆ. ನೈಲಾನ್‌ಗೆ ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಲೇಬೇಕು, ಒಣಗಿದ್ದಾಗ ಎಳೆದರೆ ತಿಕ್ಕಾಟದ ಬಿಸಿಗೆ ಅಲ್ಲೇ ದುರ್ಬಲವಾಗುತ್ತದೆ. ಹೆಣೆದ ದಾರವನ್ನು ರೀಲಿನ ಬರಿಯ ಸ್ಪೂಲಿಗೆ (ದಾರ ಸುತ್ತುವ ಉರುಳೆಗೆ) ನೇರವಾಗಿ ಸುತ್ತಿದರೆ ಇಡೀ ಸುರುಳಿಯೇ ಜಾರುತ್ತದೆ. ಮೊದಲು ಹತ್ತು ಸುತ್ತು ನೈಲಾನ್ ಹಾಕಿಕೊಳ್ಳಬೇಕು.

ರೀಲಿನಲ್ಲಿ ಸ್ಪಿನ್ನಿಂಗ್ (ಎಸೆದಾಗ ಸ್ಪೂಲ್ ತಿರುಗದೆ ದಾರ ಅದರ ಅಂಚಿನಿಂದ ಬಿಚ್ಚಿಕೊಳ್ಳುವಂಥದ್ದು) ಮತ್ತು ಬೈಟ್‌ಕಾಸ್ಟರ್ (ಎಸೆದಾಗ ಸ್ಪೂಲೇ ತಿರುಗುವಂಥದ್ದು) ಎರಡನ್ನೂ ಬಳಸಿದೆ. ಬೈಟ್‌ಕಾಸ್ಟರ್‌ನಲ್ಲಿ ರಬ್ಬರ್ ಕಪ್ಪೆಯನ್ನು ಎರಡು ತಾವರೆ ಎಲೆಗಳ ಸಂದಿಗೇ ಇಳಿಸಬಹುದು, ಆ ನಿಖರತೆ ಸ್ಪಿನ್ನಿಂಗ್ ರೀಲಿನಿಂದ ನನಗೆ ಇನ್ನೂ ಬಂದಿಲ್ಲ. ಆದರೆ ಹೆಬ್ಬೆರಳಿನ ಹತೋಟಿ ಒಂದು ಕ್ಷಣ ತಪ್ಪಿದರೆ ಸ್ಪೂಲ್ ದಾರಕ್ಕಿಂತ ವೇಗವಾಗಿ ತಿರುಗಿ ಗುಬ್ಬಿಗೂಡಿನಂತೆ ಸಿಕ್ಕಾಗುತ್ತದೆ, ಎದುರುಗಾಳಿ ಬೀಸುವ ಏರಿಯ ಮೇಲೆ ಇದು ಪದೇಪದೇ ಆಗುವಂಥದ್ದು. ಹಗುರವಾದ ಹಿಟ್ಟಿನ ಉಂಡೆಯನ್ನು ಎಸೆಯಲು ಅದು ಒಗ್ಗುವುದೂ ಇಲ್ಲ. ಎರಡು ಜಾಗಕ್ಕೂ ಒಂದೇ ರೀಲ್ ಬೇಕೆನ್ನುವವರಿಗೆ 4000 ಅಳತೆಯ (ಮಧ್ಯಮ ಗಾತ್ರದ) ಸ್ಪಿನ್ನಿಂಗ್ ರೀಲನ್ನೇ ಹೇಳುತ್ತೇನೆ, ಒಂದು ಸ್ಪೂಲಿಗೆ ನೈಲಾನ್, ಇನ್ನೊಂದು ಸ್ಪೂಲಿಗೆ ಹೆಣೆದ ದಾರ.

ಪೆಟ್ಟಿಗೆಯ ಮೇಲೆ ಅಚ್ಚಾದ ಬೇರಿಂಗ್‌ಗಳ ಸಂಖ್ಯೆಗೆ ಮರುಳಾಗಬಾರದು. ನೋಡಬೇಕಾದದ್ದು ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರವನ್ನು ತಡೆತಡೆದು ಬಿಟ್ಟುಕೊಡುವ ರೀಲಿನ ಬ್ರೇಕು. ಅಂಗಡಿಯಲ್ಲೇ ಅದನ್ನು ಅರ್ಧ ಬಿಗಿಮಾಡಿ, ದಾರವನ್ನು ಕೈಯಿಂದ ನಿಧಾನವಾಗಿ ಎಳೆಯಬೇಕು. ದಾರ ನೂಲು ಬಿಚ್ಚಿದಂತೆ ಒಂದೇ ಸಮನೆ ಬಂದರೆ ಸರಿ. ಮೊದಲು ಹಿಡಿದು, ಆಮೇಲೆ ಜರ್ರನೆ ಬಿಟ್ಟುಕೊಟ್ಟರೆ ಆ ಹಿಡಿತದ ಕ್ಷಣದಲ್ಲೇ ದಾರ ಹರಿಯುತ್ತದೆ. ನನ್ನ ಮೊದಲ ರೀಲಿಗೆ ಈ ದೋಷವಿತ್ತು. ನೀರಿಗಿಳಿಯುವ ಮುನ್ನ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ಅದರ ತಾಳಿಕೆಯ ಮೂರನೆಯ ಒಂದು ಭಾಗ ಮೀರದಂತೆ, 8 ಕಿಲೋ ದಾರಕ್ಕೆ ಹೆಚ್ಚೆಂದರೆ ಎರಡೂವರೆ ಕಿಲೋಗೆ, ಡ್ರ್ಯಾಗ್ ಹೊಂದಿಸುತ್ತೇನೆ.

ರಾಡ್ ಬಗ್ಗೆ ಹೇಳುವುದು ಕಡಿಮೆ. ಫೈಬರ್ ಗ್ಲಾಸ್ ಭಾರ, ಇಡೀ ದಿನ ಹಿಡಿದರೆ ಮಣಿಕಟ್ಟು ನೋಯುತ್ತದೆ, ಆದರೆ ಬಂಡೆಯ ಮೇಲೆ ಬಿದ್ದರೂ ಸಾಮಾನ್ಯವಾಗಿ ಉಳಿಯುತ್ತದೆ. ಕಾರ್ಬನ್ ಹಗುರ, ಸಣ್ಣ ಜಿಲೇಬಿ ಮೀನು ಮುಟ್ಟಿದ್ದನ್ನೂ ಅಂಗೈಗೆ ತಿಳಿಸುತ್ತದೆ, ಬದಿಯಿಂದ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಅದು ವಿದ್ಯುತ್ತನ್ನೂ ಹರಿಯಗೊಡುವ ವಸ್ತುವಾದ್ದರಿಂದ ಕೆರೆಯ ಏರಿಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ ನಾನು ಅದನ್ನು ಜೋಡಿಸುವುದೇ ಇಲ್ಲ, ಮುಂಗಾರಿನ ಮೊದಲ ಗುಡುಗು ಕೇಳಿದೊಡನೆ ನೆಲಕ್ಕೆ ಮಲಗಿಸಿ ದೂರ ಸರಿಯುತ್ತೇನೆ.