ಜನರನ್ನು ಬಣ್ಣಿಸಲು ಕಲಿಸುವ ಕೋರ್ಸಿನಲ್ಲಿ ‘ಸುಮ್ಮನೆ’ಗೆ ಜಾಗವಿಲ್ಲ

ಕನ್ನಡವನ್ನು ಹೊಸದಾಗಿ ಕಲಿಯುತ್ತಿರುವ ಸಹೋದ್ಯೋಗಿಯೊಬ್ಬರು ಗುಣವಾಚಕ ಮತ್ತು ಕ್ರಿಯಾವಿಶೇಷಣಗಳನ್ನು ಕುರಿತ ಆನ್‌ಲೈನ್ ಕೋರ್ಸೊಂದಕ್ಕೆ ಸೇರಿದಾಗ, ಅವರ ಅಭ್ಯಾಸಗಳನ್ನು ತಿದ್ದಿಕೊಡುವ ನೆಪದಲ್ಲಿ ನಾನೂ ಅದರ ಪಾಠಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಜನರ ಸ್ವಭಾವವನ್ನೂ ನಾಲ್ಕು ಜನ ಸೇರಿದ ಕಡೆ ಅವರು ನಡೆದುಕೊಳ್ಳುವ ರೀತಿಯನ್ನೂ ಬಣ್ಣಿಸಲು ಕಲಿಸುವುದು ಈ ಕೋರ್ಸಿನ ಉದ್ದೇಶ.

ಆರಂಭದ ಪಾಠಗಳು ಚೆನ್ನಾಗಿವೆ. ‘ಒಳ್ಳೆಯ ಹುಡುಗ’, ‘ಒಳ್ಳೆಯ ಹುಡುಗಿ’, ‘ಒಳ್ಳೆಯ ಜನ’ ಎನ್ನುವಾಗ ಬದಲಾಗದ ಗುಣವಾಚಕವು ವಾಕ್ಯದ ಕೊನೆಗೆ ಹೋದೊಡನೆ ‘ಒಳ್ಳೆಯವನು’, ‘ಒಳ್ಳೆಯವಳು’, ‘ಒಳ್ಳೆಯವರು’ ಎಂದು ರೂಪ ಬದಲಿಸುತ್ತದೆ, ಹಿರಿಯರೊಬ್ಬರನ್ನು ‘ಒಳ್ಳೆಯವನು’ ಎಂದರೆ ಹೊಗಳಿಕೆಯೇ ಅವಮರ್ಯಾದೆಯಾಗುತ್ತದೆ ಎಂಬುದನ್ನು ಸರಳವಾಗಿ ವಿವರಿಸಿದ್ದಾರೆ. ಒಂದೇ ಗುಣಕ್ಕೆ ಬೇರೆ ಬೇರೆ ತೂಕದ ಪದಗಳನ್ನು ಜೋಡಿಸಿ ತೋರಿಸಿರುವುದು ನನಗೆ ಇನ್ನೂ ಹಿಡಿಸಿತು: ಕಡಿಮೆ ಮಾತನಾಡುವವರನ್ನು ಮೆಚ್ಚಿದರೆ ‘ಮಿತಭಾಷಿ’ ಎನ್ನುತ್ತೇವೆ, ಮೆಚ್ಚದಿದ್ದರೆ ‘ಬಿಗುಮಾನದವರು’ ಎನ್ನುತ್ತೇವೆ, ಪದವನ್ನು ಆರಿಸಿದವರ ಮನಸ್ಸೂ ಅದರಲ್ಲಿ ಬಯಲಾಗುತ್ತದೆ.

ಇಡೀ ಕೋರ್ಸಿನಲ್ಲಿ ನನಗೆ ಅತ್ಯುತ್ತಮವೆನಿಸಿದ ಅಭ್ಯಾಸ ಒಂದೇ ಒಂದು ವಾಕ್ಯದ್ದು. ಸಭೆಗೆ ತಡವಾಗಿ ಬಂದವರೊಬ್ಬರು ಬಾಗಿಲು ತೆರೆಯುತ್ತಾರೆ. ‘ತೆರೆದರು’ ಎಂಬ ಕ್ರಿಯಾಪದದ ಹಿಂದಿನ ಖಾಲಿ ಜಾಗವನ್ನು ಕಲಿಯುವವರು ತುಂಬಬೇಕು. ‘ಮೆಲ್ಲಗೆ’ ಎಂದರೆ ಒಬ್ಬ ಮನುಷ್ಯ ಕಾಣುತ್ತಾನೆ, ‘ದಡಕ್ಕನೆ’ ಎಂದರೆ ಇನ್ನೊಬ್ಬ, ‘ಹಿಂಜರಿಯುತ್ತ’ ಎಂದರೆ ಮತ್ತೊಬ್ಬ, ‘ಏನೂ ಆಗಿಲ್ಲವೆಂಬಂತೆ’ ಎಂದರೆ ನಾವೆಲ್ಲರೂ ಒಮ್ಮೆಯಾದರೂ ಹಲ್ಲು ಕಚ್ಚಿ ಸಹಿಸಿಕೊಂಡಿರುವ ಆ ಮಹಾಶಯ. ಸ್ವಭಾವದ ಬಗ್ಗೆ ಒಂದೇ ಒಂದು ಗುಣವಾಚಕ ಬಳಸದೆ, ಬಾಗಿಲು ತೆರೆದ ರೀತಿಯಿಂದಲೇ ವ್ಯಕ್ತಿಯನ್ನು ಕಟ್ಟಿಕೊಡಬಹುದು ಎಂದು ಕಲಿಯುವವರಿಗೆ ಇದು ತಾನಾಗಿಯೇ ಹೊಳೆಯುತ್ತದೆ.

ಇಷ್ಟು ಸೂಕ್ಷ್ಮವಾಗಿ ಪಾಠ ಕಟ್ಟಿದವರೇ ಮುಂದೆ ಎಡವಿದ್ದಾರೆ. ಎರಡನೆಯ ಭಾಗದ ಮಾದರಿ ಉತ್ತರಗಳಲ್ಲಿ ಕ್ರಿಯಾವಿಶೇಷಣವೆಂದರೆ ಯಾವುದಾದರೊಂದು ಸಂಸ್ಕೃತ ಪದಕ್ಕೆ ‘ಆಗಿ’ ಅಂಟಿಸುವುದು ಎಂಬಂತಾಗಿದೆ. ‘ಅವಳು ಸ್ನೇಹಪರವಾಗಿ ನಕ್ಕಳು’ ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಅದರಲ್ಲಿ ನಗುವೂ ಇಲ್ಲ. ಮುಗುಳ್ನಗುವುದು, ಕಿಸಕ್ಕನೆ ನಗುವುದು, ಮುಸಿಮುಸಿ ನಗುವುದು, ಗೊಳ್ಳೆಂದು ನಗುವುದು ಎಂದು ನಗೆಯ ಬಗೆಗಳನ್ನೇ ಹೆಸರಿಸುವ ಭಾಷೆಗೆ ಈ ಬಡತನ ಏಕೆ? ‘ಕಿಸಕ್ಕನೆ’, ‘ಗೊಳ್ಳೆಂದು’ ಎಂಬಂತೆ ಸದ್ದನ್ನು ಅನುಕರಿಸುವ ಪದಗಳಿಗೆ, ಅಂದರೆ ಅನುಕರಣಾವ್ಯಯಗಳಿಗೆ, ಅರ್ಧ ಪುಟ ಮಾತ್ರ ಸಿಕ್ಕಿದೆ, ಅದೂ ಮಳೆ ಮತ್ತು ಗುಡುಗಿನ ಸದ್ದುಗಳಿಗೆ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಕನ್ನಡದಲ್ಲಿ ಸ್ವಭಾವವನ್ನು ಹೇಳಲು ಗುಣವಾಚಕವೇ ಬೇಕಿಲ್ಲ ಎಂಬುದನ್ನು ಕೋರ್ಸು ಒಪ್ಪದಿರುವುದು. ‘ಅವನಿಗೆ ನಾಚಿಕೆ ಜಾಸ್ತಿ’ ಎಂದು ನನ್ನ ಸಹೋದ್ಯೋಗಿ ಬರೆದ ಉತ್ತರಕ್ಕೆ ಕೆಂಪು ಗುರುತು ಬಿತ್ತು. ‘ಅವನು ನಾಚಿಕೆಯುಳ್ಳ ವ್ಯಕ್ತಿ’ ಎಂಬುದು ಸರಿಯುತ್ತರವಂತೆ. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಹಾಗೆ ಮಾತನಾಡಿದವರನ್ನು ನಾನು ಕಂಡಿಲ್ಲ. ಸಿಟ್ಟು, ಹೊಟ್ಟೆಕಿಚ್ಚು, ಧೈರ್ಯ, ಸಂಕೋಚ ಇವೆಲ್ಲವನ್ನೂ ನಾವು ‘ಅವರಿಗೆ’ ಎಂದು ಚತುರ್ಥಿ ವಿಭಕ್ತಿಯಲ್ಲೇ ಹೇಳುತ್ತೇವೆ, ಆ ಭಾವ ಅವರ ಬಳಿಗೆ ಬಂದು ಸೇರಿದೆಯೋ ಎಂಬಂತೆ.

‘ಮನುಷ್ಯ ಒಳ್ಳೆಯವನೇ’ ಎಂದಾಗ ಕೊನೆಯ ಆ ‘ಏ’ ಕಾರದ ಹಿಂದೆ ಹೇಳದೆ ಉಳಿದ ‘ಆದರೆ’ಯೊಂದು ಕಾದು ಕುಳಿತಿರುತ್ತದೆ, ಅದರ ಸುಳಿವೂ ಪಾಠದಲ್ಲಿಲ್ಲ. ‘ಸುಮ್ಮನೆ’ ಕೂಡ ಇಲ್ಲ. ‘ಸುಮ್ಮನೆ ಕುಳಿತಿದ್ದರು’ ಎಂದರೆ ಮೌನ, ‘ಸುಮ್ಮನೆ ಬಂದೆ’ ಎಂದರೆ ಕೆಲಸವಿಲ್ಲದ ಭೇಟಿ, ‘ಸುಮ್ಮನೆ ಹೇಳಿದೆ’ ಎಂದರೆ ತಮಾಷೆ ಅಥವಾ ಆಡಿದ ಮಾತಿನಿಂದ ಜಾರಿಕೊಳ್ಳುವ ದಾರಿ. ನಾಲ್ಕು ಜನರ ನಡುವೆ ಇಷ್ಟು ದುಡಿಯುವ ಕ್ರಿಯಾವಿಶೇಷಣ ಬೇರೊಂದು ನನಗೆ ತೋಚುತ್ತಿಲ್ಲ.

ಧ್ವನಿಮುದ್ರಣ ಸ್ಪಷ್ಟವಾಗಿದೆ, ಉಚ್ಚಾರಣೆ ಶುದ್ಧವಾಗಿದೆ. ಓದಲು ಬರೆಯಲು ಬಲ್ಲವರು ಮೊದಲ ಭಾಗಕ್ಕಾಗಿ ಧಾರಾಳವಾಗಿ ಸೇರಬಹುದು. ಎರಡನೆಯ ಭಾಗವನ್ನು ಕನ್ನಡ ಮಾತನಾಡುವ ಸ್ನೇಹಿತರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡುವುದು ಕ್ಷೇಮ. ಕೆಂಪು ಗುರುತಿನ ವಿಷಯವನ್ನು ನಾವು ಕೋರ್ಸಿನವರಿಗೆ ಬರೆದೆವು. ಉತ್ತರ ಬೇಗನೆ ಬಂತು, ಅತಿ ವಿನಯದಿಂದಲೂ ಕೂಡಿತ್ತು. ಗುರುತು ಮಾತ್ರ ಇನ್ನೂ ಅಲ್ಲೇ ಇದೆ.