ಹೋಮ್‌ಸ್ಕೂಲ್ ಮಗುವಿಗೆ ಇಂಗ್ಲಿಷ್ ವ್ಯಾಕರಣ: ಮೂರು ಪಠ್ಯಕ್ರಮಗಳ ವಿಮರ್ಶೆ

ಮನೆಯಲ್ಲೇ ಕಲಿಯುವ ಪ್ರಾಥಮಿಕ ಹಂತದ ಮಗುವಿಗೆ ವ್ಯಾಕರಣದ ಪಠ್ಯಕ್ರಮವನ್ನು ಆರಿಸುವಾಗ, ಒಂದು ಪಾಠ ಮುಗಿಯುವ ಹೊತ್ತಿಗೆ ಮಗು ಎಷ್ಟು ಪೂರ್ಣ ವಾಕ್ಯಗಳನ್ನು ಬಿಡಿಸಿ ನೋಡಿದೆ, ಎಷ್ಟನ್ನು ತಾನೇ ಬರೆದಿದೆ ಎಂಬುದನ್ನು ನಾನು ಮೊದಲು ಗಮನಿಸುತ್ತೇನೆ. ಬಿಟ್ಟ ಸ್ಥಳ ತುಂಬುವ ಹಾಳೆಗಳನ್ನು ಚುರುಕಾಗಿ ಮುಗಿಸುವ ಮಗು, ತನ್ನದೇ ನಾಲ್ಕು ಸಾಲು ಬರೆಯುವಾಗ ಪೂರ್ಣವಿರಾಮ ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಡುವುದುಂಟು. 4ರಿಂದ 12ನೇ ತರಗತಿಯ ಮಕ್ಕಳ ಬರವಣಿಗೆಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಪ್ರಕಟಿಸಿದ ವರದಿಯೂ ಇದನ್ನೇ ಸೂಚಿಸುತ್ತದೆ: ವ್ಯಾಕರಣವನ್ನು ಬೇರೆಯಾಗಿ ಬೋಧಿಸುವುದರಿಂದ ಬರವಣಿಗೆ ಸುಧಾರಿಸಿದ್ದು ಕಂಡುಬರಲಿಲ್ಲ, ಚಿಕ್ಕ ವಾಕ್ಯಗಳನ್ನು ಕೂಡಿಸಿ ಬರೆಯುವ ಅಭ್ಯಾಸದಿಂದ ಸುಧಾರಿಸಿತು.

ಜೆಸ್ಸಿ ವೈಸ್ ರಚಿಸಿದ ‘ಫಸ್ಟ್ ಲಾಂಗ್ವೇಜ್ ಲೆಸನ್ಸ್’ ನಾಲ್ಕು ಹಂತಗಳ ಪಠ್ಯಕ್ರಮ. ಪಾಠ ಹೇಳುವವರು ಆಡಬೇಕಾದ ಮಾತುಗಳನ್ನೇ ಅದರಲ್ಲಿ ಅಚ್ಚು ಹಾಕಿರುವುದರಿಂದ, ವ್ಯಾಕರಣ ತಮಗೇ ಮರೆತುಹೋಗಿದೆ ಎಂದು ಹಿಂಜರಿಯುವ ಪೋಷಕರೂ ಧೈರ್ಯವಾಗಿ ಆರಂಭಿಸಬಹುದು. ಮೊದಲೆರಡು ಹಂತಗಳಲ್ಲಿ ಬಾಯಿಪಾಠ, ಚಿಕ್ಕ ಪದ್ಯಗಳು, ಕೇಳಿದ ಕಥೆಯನ್ನು ತಿರುಗಿ ಹೇಳುವುದು ಮತ್ತು ನೋಡಿ ಬರೆಯುವುದು ಪ್ರಧಾನ. ನಾಮಪದದ ವ್ಯಾಖ್ಯೆ ಮತ್ತೆ ಮತ್ತೆ ಬರುತ್ತದೆ. ನೆನಪಿನ ಶಕ್ತಿ ಚೆನ್ನಾಗಿರುವ ಮಗುವಿಗೆ ಇದು ಬೇಸರ ತರಿಸುವಷ್ಟು ಹೆಚ್ಚು, ಅಂಥ ಕಡೆ ಪಾಠವನ್ನು ಮೊಟಕುಗೊಳಿಸಿದರೆ ನಷ್ಟವೇನೂ ಇಲ್ಲ. ಈ ಪಠ್ಯಕ್ರಮದ ನಿಜವಾದ ಬೆಲೆ ತಿಳಿಯುವುದು ಮೂರನೆಯ ಹಂತದಲ್ಲಿ, ವಾಕ್ಯವನ್ನು ರೇಖೆಗಳ ಮೇಲೆ ಬಿಡಿಸಿ ಬರೆಯುವ ಅಭ್ಯಾಸ ಶುರುವಾದಾಗ. ಅಲೊಂಜೊ ರೀಡ್ ಮತ್ತು ಬ್ರೇನರ್ಡ್ ಕೆಲಾಗ್ 1877ರಲ್ಲಿ ಪ್ರಚಾರಕ್ಕೆ ತಂದ ಈ ಕ್ರಮದಲ್ಲಿ ಅಡ್ಡಗೆರೆಯ ಮೇಲೆ ಕರ್ತೃಪದ ಮತ್ತು ಕ್ರಿಯಾಪದ ಕೂರುತ್ತವೆ, ನಡುವೆ ಒಂದು ಲಂಬಗೆರೆ ಅವುಗಳನ್ನು ಬೇರ್ಪಡಿಸುತ್ತದೆ, ವಿಶೇಷಣಗಳು ಕೆಳಗೆ ಓರೆಯಾಗಿ ಇಳಿಯುತ್ತವೆ. ಯಾವ ಪದ ಯಾವುದಕ್ಕೆ ಸೇರಿದ್ದೆಂದು ನಿರ್ಧರಿಸದೆ ಗೆರೆ ಎಳೆಯಲು ಸಾಧ್ಯವಿಲ್ಲವಾದ್ದರಿಂದ, ಮಗು ಊಹೆ ಬಿಟ್ಟು ಯೋಚಿಸತೊಡಗುತ್ತದೆ.

ವಾಂಡಾ ಫಿಲಿಪ್ಸ್ ಅವರ ‘ಈಸಿ ಗ್ರಾಮರ್’, ‘ಇನ್’, ‘ಆನ್’, ‘ಆಫ್’ ಮುಂತಾದ ಪ್ರಿಪೊಸಿಷನ್‌ಗಳಿಂದ ಹೊರಡುತ್ತದೆ. ಅವುಗಳ ಪಟ್ಟಿಯನ್ನು ಮಗು ಮೊದಲು ಕಂಠಪಾಠ ಮಾಡುತ್ತದೆ, ಅನಂತರ ಪ್ರತಿ ವಾಕ್ಯದಲ್ಲೂ ಪ್ರಿಪೊಸಿಷನ್‌ನಿಂದ ಆರಂಭವಾಗುವ ಪದಗುಚ್ಛಗಳನ್ನು ಹೊಡೆದುಹಾಕಿ, ಉಳಿದದ್ದರಲ್ಲಿ ಕರ್ತೃ ಮತ್ತು ಕ್ರಿಯೆಯನ್ನು ಹುಡುಕುತ್ತದೆ. ‘ದ ಬಾಕ್ಸ್ ಆಫ್ ಪೆನ್ಸಿಲ್ಸ್ ಈಸ್ ಆನ್ ದ ಟೇಬಲ್’ ಎಂಬಲ್ಲಿ ‘ಆಫ್ ಪೆನ್ಸಿಲ್ಸ್’, ‘ಆನ್ ದ ಟೇಬಲ್’ ಎರಡನ್ನೂ ಹೊಡೆದ ಮೇಲೆ ‘ಬಾಕ್ಸ್ ಈಸ್’ ಉಳಿಯುತ್ತದೆ; ಪೆನ್ಸಿಲ್‌ಗಳು ಹಲವಿದ್ದರೂ ‘ಆರ್’ ಏಕೆ ಬರುವುದಿಲ್ಲ ಎಂಬುದಕ್ಕೆ ಪ್ರತ್ಯೇಕ ವಿವರಣೆಯೇ ಬೇಕಾಗುವುದಿಲ್ಲ. ಇಷ್ಟು ಸರಳವಾದ, ಇಷ್ಟು ಖಚಿತವಾದ ಉಪಾಯ ಮಕ್ಕಳ ವ್ಯಾಕರಣದಲ್ಲಿ ಅಪರೂಪವೆಂದೇ ನನ್ನ ಅಭಿಪ್ರಾಯ. ಆದರೆ ಇಲ್ಲಿ ಮಗು ಗುರುತು ಮಾಡುವುದೇ ಹೆಚ್ಚು, ಬರೆಯುವುದು ಕಡಿಮೆ. ಆ ಕೊರತೆಯನ್ನು ತುಂಬಲು ದಿನಕ್ಕೆರಡು ಸ್ವಂತ ವಾಕ್ಯಗಳನ್ನಾದರೂ ಬರೆಸಬೇಕು.

ಇನ್‌ಸ್ಟಿಟ್ಯೂಟ್ ಫಾರ್ ಎಕ್ಸಲೆನ್ಸ್ ಇನ್ ರೈಟಿಂಗ್ ಹೊರತಂದಿರುವ ‘ಫಿಕ್ಸ್ ಇಟ್! ಗ್ರಾಮರ್’ ಹಿಡಿಯುವ ದಾರಿ ಬೇರೆ. ಒಂದು ಕಥೆಯ ಕೆಲವೇ ಪದಗಳಷ್ಟು ಭಾಗ ವಾರಕ್ಕೆ ನಾಲ್ಕು ದಿನ ಬರುತ್ತದೆ. ಅದರಲ್ಲಿ ಬೇಕೆಂದೇ ತಪ್ಪುಗಳಿರುತ್ತವೆ. ಪದಗಳ ವರ್ಗವನ್ನು ಗುರುತಿಸಿ, ಕ್ಯಾಪಿಟಲ್ ಅಕ್ಷರ ಮತ್ತು ಲೇಖನ ಚಿಹ್ನೆಗಳನ್ನು ಸರಿಪಡಿಸಿ, ತಿದ್ದಿದ ವಾಕ್ಯವನ್ನು ಮಗು ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ದಿನದ ಕೆಲಸ ಚಿಕ್ಕದು, ಕಲಿತ ನಿಯಮ ಕೂಡಲೇ ನಿಜವಾದ ಬರಹಕ್ಕೆ ತಗಲುತ್ತದೆ. ಆದರೂ ಸರಿಯಾದ ಇಂಗ್ಲಿಷ್ ಇನ್ನೂ ಕಿವಿಗೆ ಪಳಗದ ಮಗುವಿಗೆ ಮೊದಲ ಪುಸ್ತಕವಾಗಿ ಇದನ್ನು ಕೊಡಲು ನಾನು ಒಪ್ಪುವುದಿಲ್ಲ, ಏಕೆಂದರೆ ಸರಿಯಾದ ರೂಪ ನೆಲೆಗೊಳ್ಳುವ ಮೊದಲೇ ತಪ್ಪು ರೂಪ ಕಣ್ಣಿಗೆ ಪರಿಚಯವಾಗುವ ಅಪಾಯವಿದೆ.

ಈ ಮೂರೂ ಮನೆಯಲ್ಲಿ ಇಂಗ್ಲಿಷ್ ಮಾತನಾಡುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು ಎಂಬುದನ್ನು ಕೊಳ್ಳುವ ಮುನ್ನ ನೆನಪಿಡಬೇಕು. ‘ಎ’ ಮತ್ತು ‘ದ’ ಎಲ್ಲಿ ಬರಬೇಕು, ‘ಇನ್’ ಮತ್ತು ‘ಆನ್’ ನಡುವೆ ಯಾವುದನ್ನು ಆರಿಸಬೇಕು ಎಂಬಂಥವು ಆ ಮಕ್ಕಳಿಗೆ ಕೇಳಿಯೇ ಬಂದಿರುತ್ತವೆ. ಮನೆಮಾತು ಬೇರೆಯಾಗಿರುವ ಮಗುವಿಗೆ ಅವನ್ನು ಗಟ್ಟಿಯಾಗಿ ಓದಿಸಿ, ಹೇಳಿಸಿ, ಪ್ರತ್ಯೇಕವಾಗಿ ರೂಢಿ ಮಾಡಿಸಬೇಕಾಗುತ್ತದೆ.

ಆರೇಳು ವರ್ಷದ ಮಗುವಿಗೆ ಜೆಸ್ಸಿ ವೈಸ್ ಅವರ ಮೊದಲ ಹಂತವನ್ನು ಅರ್ಧ ವೇಗದಲ್ಲಿ, ಜೊತೆಗೆ ಧಾರಾಳವಾಗಿ ಕಥೆ ಓದಿ ಹೇಳುತ್ತ ನಡೆಸುವುದು ಸಾಕು. ಒಂಬತ್ತು ದಾಟಿದ, ಓದು ಸಲೀಸಾಗಿರುವ ಮಗುವಿಗೆ ‘ಈಸಿ ಗ್ರಾಮರ್’ನ ಪ್ರಿಪೊಸಿಷನ್ ಭಾಗವನ್ನು ಮೊದಲು ಮುಗಿಸಿ, ಮುಂದಿನ ವರ್ಷ ‘ಫಿಕ್ಸ್ ಇಟ್!’ಗೆ ದಾಟಿಸಬಹುದು. ಯಾವುದನ್ನೇ ಕೊಂಡರೂ ಉತ್ತರಗಳಿರುವ ಪ್ರತಿಯನ್ನು ಬಿಡದೆ ತರಿಸಿಕೊಳ್ಳಿ.