ಪಿಸೊ ವೈಫೈ: ಹಾಕಿದ ನಾಣ್ಯಕ್ಕೆ ತಕ್ಕ ಇಂಟರ್‌ನೆಟ್ ಸಿಗುತ್ತದೆಯೇ?

ಫಿಲಿಪೀನ್ಸ್‌ನಲ್ಲಿ ಸಾರಿ-ಸಾರಿ ಅಂಗಡಿ ಎಂದರೆ ಮನೆಯ ಮುಂಭಾಗಕ್ಕೇ ಜಾಲರಿ ಹಾಕಿ ಮಾಡಿಕೊಂಡ ಗೂಡಂಗಡಿ. ಅಲ್ಲಿ ಶಾಂಪೂ ಪೊಟ್ಟಣದಿಂದ ಹಿಡಿದು ಒಂದೇ ಒಂದು ಸಿಗರೇಟಿನವರೆಗೆ ಎಲ್ಲವೂ ಬಿಡಿಯಾಗಿ ಸಿಗುತ್ತದೆ. ಈ ಬಿಡಿ ವ್ಯಾಪಾರಕ್ಕೆ ಅಲ್ಲಿನವರು ‘ತಿಂಗಿ’ ಎನ್ನುತ್ತಾರೆ. ಅದೇ ಅಂಗಡಿಯ ಗೋಡೆಗೆ ತೂಗುಹಾಕಿದ, ನಾಣ್ಯ ಹಾಕಿದರೆ ವೈಫೈ ಕೊಡುವ ಪಿಸೊ ವೈಫೈ ಪೆಟ್ಟಿಗೆ ಇಂಟರ್‌ನೆಟ್ಟನ್ನೂ ತಿಂಗಿಗೆ ಇಳಿಸಿದೆ. ತಿಂಗಳ ಬಿಲ್ ಕಟ್ಟಲಾಗದವರೂ ಅಲ್ಲಿನ ಹಣದಲ್ಲಿ ಒಂದು ಪೆಸೊ ಹಾಕಿ ಮಗನಿಗೆ ವಿಡಿಯೊ ಕರೆ ಮಾಡಬಹುದು. ಚೆನ್ನಾಗಿ ಕಟ್ಟಿದ ಪೆಟ್ಟಿಗೆಯಾದರೆ ಕೊಟ್ಟ ಕಾಸಿಗೆ ಮೋಸವಿಲ್ಲ. ಅರೆಬರೆ ಕಟ್ಟಿದ್ದಾದರೆ ನೆಟ್‌ಗಿಂತ ಮೊದಲು ಕೈಕೊಡುವುದು ನಾಣ್ಯ ಹಾಕುವ ಕಾಯಿನ್ ಸ್ಲಾಟ್.

ಬಳಸುವುದು ಸುಲಭ, ಆದರೆ ಕ್ರಮ ತಪ್ಪಬಾರದು. ಫೋನಿನಲ್ಲಿ ಆ ವೈಫೈ ಹೆಸರು ಆರಿಸಿದರೆ ಪೋರ್ಟಲ್ ಪುಟ ತಾನೇ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಬ್ರೌಸರಿನಲ್ಲಿ ಪೆಟ್ಟಿಗೆಯ ಮೇಲೆ ಬರೆದಿರುವ ವಿಳಾಸ ಹೊಡೆಯಬೇಕು. ಅನೇಕ ಕಡೆ ಅದು 10.0.0.1. ಮೊದಲು ‘ಇನ್ಸರ್ಟ್ ಕಾಯಿನ್’ ಗುಂಡಿ ಒತ್ತಿ, ಆಮೇಲೆ ನಾಣ್ಯ ಹಾಕಿ. ಗುಂಡಿ ಒತ್ತಿದಾಗ ಮಾತ್ರ ಸ್ಲಾಟ್‌ಗೆ ಜೀವ ಬರುವಂತೆ ಒಳ್ಳೆಯ ಪೆಟ್ಟಿಗೆಗಳಲ್ಲಿ ರಿಲೇ ಎಂಬ ವಿದ್ಯುತ್ ಸ್ವಿಚ್ ಇರುತ್ತದೆ. ಅವಸರದಲ್ಲಿ ಮೊದಲೇ ಹಾಕಿದ ನಾಣ್ಯ ಕೆಳಗಿನಿಂದ ಹಾಗೇ ವಾಪಸ್ ಬೀಳುತ್ತದೆ. ರಿಲೇ ಇಲ್ಲದ ಅಗ್ಗದ ಪೆಟ್ಟಿಗೆ ಅದನ್ನು ನುಂಗಿಬಿಡುತ್ತದೆ, ನಿಮಿಷ ಯಾರ ಖಾತೆಗೂ ಸೇರುವುದಿಲ್ಲ. ಪರದೆಯ ಮೇಲೆ ಮೊತ್ತ ಏರಿದ್ದನ್ನು ನೋಡಿದ ಮೇಲೆಯೇ ಮುಂದಿನ ನಾಣ್ಯ ಹಾಕುವುದು ಒಳ್ಳೆಯದು.

ಈ ಸ್ಲಾಟ್ ನಾಣ್ಯದ ಗಾತ್ರ ಮತ್ತು ಲೋಹವನ್ನು ಅಳೆದು ಪಲ್ಸ್, ಅಂದರೆ ವಿದ್ಯುತ್ತಿನ ಪುಟ್ಟ ಮಿಡಿತ, ಕಳಿಸುತ್ತದೆ: 1 ಪೆಸೊಗೆ ಒಂದು ಪಲ್ಸ್, 5ಕ್ಕೆ ಐದು, 10ಕ್ಕೆ ಹತ್ತು. ಒಳಗಿರುವ ಆರೆಂಜ್ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಆ ಪಲ್ಸ್‌ಗಳನ್ನು ಎಣಿಸಿ ನಿಮಿಷಕ್ಕೆ ತಿರುಗಿಸುತ್ತದೆ. ತೊಡಕು ಹುಟ್ಟುವುದು ನಾಣ್ಯಗಳಲ್ಲೇ. ಹೊಸ ಸರಣಿಯ 1 ಪೆಸೊ ನಾಣ್ಯದ ಅಗಲ 23 ಮಿ.ಮೀ., 5 ಪೆಸೊದ್ದು 25 ಮಿ.ಮೀ.; ಎರಡೂ ಬೆಳ್ಳಿ ಬಣ್ಣದವು, ನಿಕ್ಕಲ್ ಲೇಪದ ಉಕ್ಕಿನವು. ಜನರೇ ಗೊಂದಲಕ್ಕೆ ಬಿದ್ದು ದೂರಿದ್ದರಿಂದ 2019ರಲ್ಲಿ 5 ಪೆಸೊ ನಾಣ್ಯಕ್ಕೆ ಒಂಬತ್ತು ಮೂಲೆ ಬಂತು. ಹಳೆಯ 1 ಪೆಸೊ 24 ಮಿ.ಮೀ. ಇದ್ದು ಇವೆರಡರ ನಡುವೆ ಕೂರುತ್ತದೆ. ಹಾಗಾಗಿ ಸ್ಲಾಟ್‌ಗೆ ನಾಣ್ಯ ಕಲಿಸುವಾಗ ಹಳೆಯ ಒಂದು, ಹೊಸ ಒಂದು, ದುಂಡು ಐದು, ಮೂಲೆಯ ಐದು ಎಲ್ಲವನ್ನೂ ಬೇರೆ ಬೇರೆ ನಾಣ್ಯವೆಂದೇ ದಾಖಲಿಸಬೇಕು. ಪ್ರತಿಯೊಂದಕ್ಕೂ 15ರಿಂದ 20 ಸಲ ನಾಣ್ಯ ಬೀಳಿಸಬೇಕು, ಅದೂ ಸವೆದದ್ದು, ಹೊಳೆಯುವುದು, ಮಸುಕಾದದ್ದು ಬೆರೆಸಿ. ಒಂದೇ ಹೊಸ ನಾಣ್ಯವನ್ನು ಇಪ್ಪತ್ತು ಸಲ ಹಾಕಿ ಕಲಿಸಿದ ಸ್ಲಾಟ್ ವಾರದೊಳಗೆ ಜಗಳ ತರುತ್ತದೆ: ಸವೆದ ನಾಣ್ಯವನ್ನು ಅದು ಮತ್ತೆ ಮತ್ತೆ ಹೊರಗೆ ಉಗುಳುತ್ತದೆ.

5 ಪೆಸೊ ಹಾಕಿದರೆ 4 ಪೆಸೊ ಎಂದು ತೋರಿಸುವುದು ಇನ್ನೊಂದು ಸಾಮಾನ್ಯ ದೂರು. ಗಿರಾಕಿ ಅದನ್ನು ಮಾಲೀಕನ ಕೈಚಳಕ ಎಂದುಕೊಳ್ಳುತ್ತಾನೆ, ಆದರೆ ಎಷ್ಟೋ ಸಲ ತಪ್ಪು ಸ್ಲಾಟಿನ ಪಕ್ಕದ ಪುಟ್ಟ ಸ್ವಿಚ್ಚಿನದು. ಅದು ‘ಫಾಸ್ಟ್’ನಲ್ಲಿದ್ದರೆ ಪಲ್ಸ್‌ಗಳು ಒತ್ತೊತ್ತಾಗಿ ಬಂದು ಬೋರ್ಡ್ ಒಂದನ್ನು ತಪ್ಪಿಸಿಬಿಡುತ್ತದೆ. ‘ಮೀಡಿಯಂ’ಗೆ ತಂದರೆ ಲೆಕ್ಕ ಸರಿಹೋಗುತ್ತದೆ. ಲೈಟರಿನ ಕಿಡಿ ತಾಗಿಸಿ ಪುಕ್ಕಟೆ ನಿಮಿಷ ಗಿಟ್ಟಿಸುವ ಹುಡುಗರೂ ಇದ್ದಾರೆ. ಲೋಹದ ಪೆಟ್ಟಿಗೆಗೆ ಸರಿಯಾದ ಅರ್ಥಿಂಗ್ ಕೊಟ್ಟು, ಪಲ್ಸ್ ವೈರನ್ನು ಕರೆಂಟ್ ವೈರಿನಿಂದ ದೂರವಿಟ್ಟು, ಕಿಡಿ ತಡೆಯುವ ಸರ್ಕ್ಯೂಟ್ ಇರುವ ಸ್ಲಾಟನ್ನೇ ಕೊಂಡರೆ ಆ ಉಪದ್ರವ ತಗ್ಗುತ್ತದೆ.

ದರವನ್ನು ಮಾಲೀಕನೇ ಇಡುತ್ತಾನೆ, ಆದ್ದರಿಂದ ಫಲಕ ಓದದೆ ನಾಣ್ಯ ಹಾಕಬೇಡಿ. 1 ಪೆಸೊಗೆ 10 ನಿಮಿಷ, 5 ಪೆಸೊಗೆ 2 ಗಂಟೆ ಎಂದಿದ್ದರೆ, ಬಿಡಿಬಿಡಿಯಾಗಿ ಐದು ಸಲ ಒಂದೊಂದೇ ಹಾಕಿದವರಿಗೆ ಸಿಗುವುದು 50 ನಿಮಿಷ ಮಾತ್ರ. ತಿಂಗಿಯ ನೋವು ಇಲ್ಲೂ ಇದೆ: ಕೈಯಲ್ಲಿ ಕಾಸು ಕಡಿಮೆ ಇದ್ದವರೇ ನಿಮಿಷಕ್ಕೆ ಹೆಚ್ಚು ಕೊಡುತ್ತಾರೆ. ಸಮಯವನ್ನು ತಡೆಹಿಡಿಯುವ ‘ಪಾಸ್’ (pause) ಗುಂಡಿ ಇರುವ ಪೆಟ್ಟಿಗೆಯನ್ನೇ ಆರಿಸಿ. ಉಳಿದ ನಿಮಿಷ ಸಂಜೆಗೆ ಉಳಿಯುತ್ತದೆ. ಅವಧಿ ಮುಗಿಯುವ ದಿನವೂ ಇರುತ್ತದೆ, ಅದನ್ನು ಗಮನಿಸಿ.

ವೇಗದ ಮಾತು. ಮಾಲೀಕನ ಲೈನು 50 ಎಂಬಿಪಿಎಸ್ ಇದ್ದು ಒಬ್ಬೊಬ್ಬರಿಗೆ 3 ಎಂಬಿಪಿಎಸ್ ಮಿತಿ ಹಾಕಿದ್ದರೆ 16 ಜನರ ತನಕ ಯಾರಿಗೂ ಕೊರತೆಯಿಲ್ಲ. 480ಪಿ ವಿಡಿಯೊಗೆ ಸುಮಾರು 1 ಎಂಬಿಪಿಎಸ್ ಸಾಕಾಗುವುದರಿಂದ 30 ಜನ ಸೇರಿದರೂ ಬಹುಮಟ್ಟಿಗೆ ನಡೆಯುತ್ತದೆ. ಮಿತಿಯನ್ನೇ ಹಾಕದ ಪೆಟ್ಟಿಗೆಯಲ್ಲಿ ಒಬ್ಬ ಗೇಮ್ ಅಪ್‌ಡೇಟ್ ಇಳಿಸಿಕೊಂಡರೆ ಉಳಿದವರ ಮೊಬೈಲ್ ಲೆಜೆಂಡ್ಸ್ ಆಟದಲ್ಲಿ ವಿಳಂಬ ತೋರಿಸುವ ಪಿಂಗ್ ಕೆಂಪಾಗುತ್ತದೆ. ಒಂದೇ ಓಣಿಯಲ್ಲಿ ಮೂರ್ನಾಲ್ಕು ಪೆಟ್ಟಿಗೆಗಳಿದ್ದರೆ ವೈಫೈಯ 1, 6, 11 ಚಾನೆಲ್‌ಗಳನ್ನು ಹಂಚಿಕೊಳ್ಳಬೇಕು. ಎಲ್ಲರೂ ‘ಆಟೊ’ದಲ್ಲಿ ಬಿಟ್ಟರೆ ಸಿಗ್ನಲ್ ತುಂಬಿದ್ದೂ ಪುಟ ತೆರೆಯದ ಸ್ಥಿತಿ ಬರುತ್ತದೆ. ಟೊಳ್ಳು ಸಿಮೆಂಟ್ ಇಟ್ಟಿಗೆಯ ಎರಡು ಗೋಡೆ ದಾಟಿದ ಮೇಲೆ ಹೆಚ್ಚು ನಿರೀಕ್ಷೆ ಬೇಡ.

ನಾಣ್ಯ ಹಾಕಿದ ಸಮಯ ಮಾಯವಾಯಿತು ಎನ್ನುವವರ ಫೋನಿನಲ್ಲಿ ಸಾಮಾನ್ಯವಾಗಿ ಒಂದು ಸೆಟ್ಟಿಂಗ್ ಕಾರಣ. ಪೆಟ್ಟಿಗೆ ಗಿರಾಕಿಯನ್ನು ಗುರುತಿಸುವುದು ಫೋನಿನ ಗುರುತು ಸಂಖ್ಯೆಯಾದ ಮ್ಯಾಕ್ ವಿಳಾಸದಿಂದ. ಈಗಿನ ಆಂಡ್ರಾಯ್ಡ್, ಐಫೋನ್‌ಗಳು ಗೋಪ್ಯತೆಗಾಗಿ ಬೇರೆ ವಿಳಾಸ ತೋರಿಸುತ್ತವೆ. ಆ ವೈಫೈಯನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿದಾಗ ಅಥವಾ ವಿಳಾಸ ತಾನೇ ಬದಲಾದಾಗ ಪೆಟ್ಟಿಗೆಗೆ ನೀವು ಹೊಸಬರಂತೆ ಕಾಣಬಹುದು. ಆ ಒಂದು ನೆಟ್‌ವರ್ಕ್‌ಗೆ ಮಾತ್ರ ಫೋನಿನ ಮೂಲ ವಿಳಾಸ ಇಟ್ಟುಕೊಳ್ಳಿ. ವೋಚರ್ ಕೋಡ್ ಕೊಡುವ ಪೆಟ್ಟಿಗೆಯಾದರೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಪೆಟ್ಟಿಗೆಯ ಒಳಗಿನ ದೊಡ್ಡ ಶತ್ರು ಕರೆಂಟ್ ಹೋಗುವುದು. ಬೋರ್ಡ್ ಲೆಕ್ಕ ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಎಸ್‌ಡಿ ಕಾರ್ಡ್ ಕೆಡುತ್ತದೆ, ಎಲ್ಲರ ನಿಮಿಷವೂ ಅದರ ಜೊತೆಗೇ ಹೋಗುತ್ತದೆ. 12 ವೋಲ್ಟಿನ ಮಿನಿ ಯುಪಿಎಸ್ ಮತ್ತು ಒಂದು ಬ್ಯಾಕಪ್ ಕಾರ್ಡ್ ಇಟ್ಟುಕೊಂಡ ಅಂಗಡಿಯೇ ನಂಬಿಕೆಗೆ ಯೋಗ್ಯ. ಬಿಸಿಲಿಗೆ ಒಡ್ಡಿದ ತಗಡಿನ ಪೆಟ್ಟಿಗೆ ಮಧ್ಯಾಹ್ನ ಹ್ಯಾಂಗ್ ಆಗುತ್ತದೆ. ಗಾಳಿಯ ಕಿಂಡಿ ಕೆಳಮುಖವಾಗಿದ್ದು ಸಣ್ಣ ಕಣ್ಣಿನ ಜಾಲರಿ ಇರಬೇಕು. ಇಲ್ಲದಿದ್ದರೆ ಬೆಚ್ಚಗಿನ ಜಾಗ ಹುಡುಕಿ ಇರುವೆ ಗೂಡು ಕಟ್ಟುತ್ತದೆ, ರಿಲೇ ಕಾಲುಗಳ ನಡುವೆ ಹಲ್ಲಿಯ ಮೊಟ್ಟೆ ಸಿಗುತ್ತದೆ.

ಫಿಲಿಪೀನ್ಸ್‌ನ ಜನಪದದಲ್ಲಿ ಅಸ್ವಾಂಗ್ ಎಂಬ ವೇಷ ಬದಲಿಸುವ ಭೂತ ಹಗಲು ಹೊತ್ತು ಪಕ್ಕದ ಮನೆಯವರಂತೆಯೇ ಇರುತ್ತದೆ. ಅದರ ಕಣ್ಣಿನಲ್ಲಿ ನಿಮ್ಮ ಬಿಂಬ ತಲೆಕೆಳಗಾಗಿ ಕಂಡರೆ ಗುರುತು ಸಿಕ್ಕಿತು ಎನ್ನುತ್ತಾರೆ. ನಕಲಿ ವೈಫೈ ಕೂಡ ಅದೇ ಹೆಸರು, ಅದೇ ಬಣ್ಣದ ಪುಟ ತೋರಿಸುತ್ತದೆ. ಅದರ ಗುರುತು ಹೀಗೆ: ಪಿಸೊ ವೈಫೈ ಕೇಳುವುದು ನಾಣ್ಯ ಅಥವಾ ವೋಚರ್ ಕೋಡ್ ಮಾತ್ರ. ಫೇಸ್‌ಬುಕ್ ಪಾಸ್‌ವರ್ಡ್, ಮೊಬೈಲ್ ಹಣದ ಆ್ಯಪ್ ಜಿಕ್ಯಾಶ್‌ನ ಪಿನ್, ಒಟಿಪಿ ಕೇಳಿದ ಕ್ಷಣ ವೈಫೈ ಆಫ್ ಮಾಡಿ, ಅಂಗಡಿಯವರಿಗೆ ತಿಳಿಸಿ. ದುಡ್ಡಿನ ವ್ಯವಹಾರ ಮೊಬೈಲ್ ಡೇಟಾದಲ್ಲೇ ಇರಲಿ.

2017ರ 10929ನೇ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳಗಳಲ್ಲಿ ಸರ್ಕಾರ ಉಚಿತ ವೈಫೈ ಕೊಡಬೇಕು. ಅದು ಸಿಗುವ ಕಡೆ ನಾಣ್ಯ ಉಳಿಸಿ. ಪೆಟ್ಟಿಗೆ ಹಾಕಬೇಕೆಂದಿರುವವರು ಮೊದಲು ತಮ್ಮ ಲೈನಿನ ಕರಾರು ಓದಬೇಕು. ಮನೆ ಬಳಕೆಯ ಪ್ಲಾನುಗಳಲ್ಲಿ ಮರುಮಾರಾಟಕ್ಕೆ ಸಾಮಾನ್ಯವಾಗಿ ಅವಕಾಶ ಇರುವುದಿಲ್ಲ.

ಆಂಟೆನಾ ಕಂಬ ನೆಡುವ ಜಾಗವೂ ಮುಖ್ಯ. ಹಳ್ಳಿಗಳಲ್ಲಿ ಹುತ್ತದ ಬಳಿ ಗುಂಡಿ ತೋಡಲು ಕೆಲಸದವರು ಒಪ್ಪುವುದಿಲ್ಲ. ಅದು ‘ನುನೊ ಸಾ ಪುನ್ಸೊ’ ಎಂಬ ಕುಳ್ಳ ಮುದುಕ ಭೂತದ ಮನೆ, ಕೆಣಕಿದವರ ಕಾಲು ಊದುತ್ತದೆ ಎಂಬ ನಂಬಿಕೆ. ಆ ಕಡೆ ಹಾದುಹೋಗುವಾಗ ‘ತಾಬಿ-ತಾಬಿ ಪೊ’, ಅಂದರೆ ‘ದಯವಿಟ್ಟು ದಾರಿ ಬಿಡಿ’, ಎನ್ನುತ್ತಾರೆ. ಅವರ ಮಾತಿಗೆ ಬೆಲೆ ಕೊಡಿ. ಹುತ್ತದ ಗೆದ್ದಲು ಬಿದಿರಿನ ಕಂಬವನ್ನು ತಿನ್ನುತ್ತದೆ, ನೆಲದೊಳಗಿನ ಕೇಬಲ್ಲಿನ ಹೊರಪದರವನ್ನೂ ಕೊರೆಯುತ್ತದೆ. ಹುತ್ತದಿಂದ ಸಾಕಷ್ಟು ದೂರ ಸರಿದು ಕಬ್ಬಿಣದ ಪೈಪನ್ನು ಸಿಮೆಂಟಿನಲ್ಲಿ ನಿಲ್ಲಿಸಿ, ಕೇಬಲ್ಲನ್ನು ಪಿವಿಸಿ ಕೊಳವೆಯೊಳಗೆ ಹಾಯಿಸಿ.